ಪತ್ರಿಕೆಯ ಹೊಸ ರೂಪ ಯಾರಿಗಾಗಿ?

(ಸಂಘಟನೆಯೊಂದರ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಮ್ಮ ಮಾಸಿಕವನ್ನು ಹೊಸ ವಿನ್ಯಾಸದಲ್ಲಿ ಹೊರತರಬೇಕೆಂಬ ಠರಾವು ಸಭೆಯ ಮುಂದಿದೆ. ಹೊಳೆಯುವ ಕಾಗದ, ಬಣ್ಣದ ಪುಟಗಳು, ಹೊಸ ಶೀರ್ಷಿಕೆ ಎಲ್ಲವೂ ಅದರಲ್ಲಿದೆ. ಓದುವವರು ಯಾರೆಂಬ ಪ್ರಶ್ನೆ ಮಾತ್ರ ಇಲ್ಲ.

1866ರಲ್ಲಿ ಸರ್ ಸೈಯದ್ ಅಹ್ಮದ್ ಖಾನರು ಅಲೀಗಢದ ಸೈಂಟಿಫಿಕ್ ಸೊಸೈಟಿಯ ಪತ್ರಿಕೆಯನ್ನು ಆರಂಭಿಸಿದರು. ಅದೂ ನಮ್ಮದರಂತೆ ಸದಸ್ಯರಿದ್ದ ಸಂಘದ ಪತ್ರಿಕೆಯೇ. ಒಂದು ಕಾಲಮಿನಲ್ಲಿ ಉರ್ದು, ಪಕ್ಕದಲ್ಲಿ ಇಂಗ್ಲಿಷ್. 1857ರ ಬಳಿಕ ಆಳುವವರಿಗೂ ಪ್ರಜೆಗಳಿಗೂ ನಡುವೆ ವಿಶ್ವಾಸವೇ ಮುರಿದುಬಿದ್ದಿದ್ದ ಕಾಲವದು. ಇಬ್ಬರೂ ಒಂದೇ ಪುಟವನ್ನು ಓದಬೇಕೆಂಬುದು ಅವರ ಇಚ್ಛೆಯಾಗಿತ್ತು. ಅವರ ರಾಜಕೀಯ ನಿಲುವುಗಳೆಲ್ಲವನ್ನೂ ನಾನು ಒಪ್ಪುವುದಿಲ್ಲ, ಅದು ಬೇರೆ ಮಾತು. ಆದರೆ ಅವರ ಪುಟದ ಆಕಾರವು ಓದುಗನ ಅಗತ್ಯದಿಂದ ಹುಟ್ಟಿತ್ತು.

ನಮ್ಮದು? 2022ರ ನವೆಂಬರಿನಲ್ಲಿ ಕೇಂದ್ರ ಸರಕಾರವು ಅಲ್ಪಸಂಖ್ಯಾತರ ಮೆಟ್ರಿಕ್‌ಪೂರ್ವ ವಿದ್ಯಾರ್ಥಿವೇತನವನ್ನು 9 ಮತ್ತು 10ನೇ ತರಗತಿಗಳಿಗೆ ಸೀಮಿತಗೊಳಿಸಿತು. ಎಂಟನೇ ತರಗತಿಯವರೆಗಿನ ನಮ್ಮ ಮಕ್ಕಳ ಕೈತಪ್ಪಿದ ಆ ಸುದ್ದಿ ನಮ್ಮ ಪತ್ರಿಕೆಯಲ್ಲಿ 46ನೇ ಪುಟದ ಮೂಲೆಯಲ್ಲಿತ್ತು. ಮುಖಪುಟದಲ್ಲಿ ಇದ್ದುದು ಸನ್ಮಾನದ ಶಾಲು ಹೊದ್ದ ನಮ್ಮ ಪದಾಧಿಕಾರಿಗಳು! ಅರ್ಜಿಯ ಕೊನೆಯ ದಿನಾಂಕಗಳನ್ನೂ ನಾವು ಜಾಹೀರಾತುಗಳ ನಡುವೆ ಹೂತಿಡುತ್ತೇವೆ. ಮಗನಿಗಾಗಿ ಅದನ್ನು ಹುಡುಕಿದ ತಾಯಿಯೊಬ್ಬರು, "ಅಕ್ಷರ ಕಾಣಲಿಲ್ಲ, ದಿನ ದಾಟಿತ್ತು" ಎಂದು ನನ್ನೊಡನೆ ಹೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಹೊಳೆಯುವ ಕಾಗದವು ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ಕಣ್ಣಿಗೆ ರಾಚುತ್ತದೆ. ಅದರ ತೂಕವೂ ಹೆಚ್ಚು, ಅಂಚೆವೆಚ್ಚವೂ ಹೆಚ್ಚು. ಆ ಹಣದಲ್ಲಿ ಅಕ್ಷರಗಳನ್ನು ದೊಡ್ಡದು ಮಾಡೋಣ. ಆಗ ಪುಟಗಳು ಸಾಲುವುದಿಲ್ಲವೆಂದು ಸಂಪಾದಕ ಮಿತ್ರರು ಹೇಳುತ್ತಾರೆ, ನಿಜ. ಮುದ್ರಣದ ಒಂದು ಫಾರಂಗೆ 16 ಪುಟಗಳು. ನಮ್ಮ 48 ಪುಟಗಳಿಗೆ ಮೂರು ಫಾರಂ. ಒಂದೆರಡು ಪುಟಗಳನ್ನಷ್ಟೇ ಸೇರಿಸುವುದು ಸುಲಭವಲ್ಲ. ಆದುದರಿಂದ ಬರಹಗಳನ್ನೇ ಕಿರಿದುಗೊಳಿಸಬೇಕು.

ಠರಾವಿಗೆ ನನ್ನ ತಿದ್ದುಪಡಿ ಇಷ್ಟೇ: ಎರಡನೇ ಪುಟವು ಪ್ರತಿ ತಿಂಗಳೂ ವಿದ್ಯಾರ್ಥಿವೇತನ, ಪ್ರವೇಶ ಮತ್ತು ಅರ್ಜಿಯ ದಿನಾಂಕಗಳಿಗೆ ಮೀಸಲಿರಲಿ. ಸಂಗ್ರಹಿಸಿದ ಝಕಾತ್‌ನ ಲೆಕ್ಕವು ಎಲ್ಲರಿಗೂ ಕಾಣುವಂತೆ ಅಚ್ಚಾಗಲಿ. ಪದಾಧಿಕಾರಿಗಳ ಭಾವಚಿತ್ರಗಳು ಮುಖಪುಟದಿಂದ ಇಳಿಯಲಿ. ಅಚ್ಚಿಗೆ ಹೋಗುವ ಮುನ್ನ ಮಾದರಿ ಸಂಚಿಕೆಯನ್ನು ಹತ್ತು ಮನೆಗಳಿಗೆ ಒಯ್ದು, ಮನೆಯ ಹಿರಿಯ ಮಹಿಳೆಯರಿಂದ ಓದಿಸಿ ನೋಡೋಣ. ಕಡಿತಕ್ಕೆ ಎಲ್ಲಿಂದ ತೊಡಗಬೇಕೆಂದು ಕೇಳುವುದಾದರೆ, ಮುಂದಿನ ಸಂಚಿಕೆಗಾಗಿ ನಾನು ಕೊಟ್ಟಿರುವ ಆರು ಪುಟಗಳ ಲೇಖನ ಸಂಪಾದಕರ ಮೇಜಿನ ಮೇಲಿದೆ.