ಹೆಸರು ಓಆರ್‌ಎಸ್, ಒಳಗೆ ಸಕ್ಕರೆ



ನಾನು ಮಾತಾಡೋದು ಮೆಡಿಕಲ್ ಅಂಗಡಿಯ ಒಂದು ಸಣ್ಣ ಡಬ್ಬಿ ಬಗ್ಗೆ. ಕೂಸಿಗೆ ವಾಂತಿ-ಭೇದಿ ಹತ್ತಿದರೆ ನಾವು ಅಲ್ಲಿಗೇ ಓಡ್ತೀವಿ, "ಓಆರ್‌ಎಸ್ ಕೊಡ್ರಿ" ಅಂತೀವಿ. ಎಷ್ಟೋ ಸಲ ಕೈಗೆ ಬರ್ತಿದ್ದದ್ದು ಹಣ್ಣಿನ ಚಿತ್ರದ ಸಿಹಿ ಪಾನೀಯ. ಆದರೆ ಡಬ್ಬಿ ಮೇಲೆ ಓಆರ್‌ಎಸ್ ಅನ್ನೋ ಅಕ್ಷರಗಳು ಎದ್ದು ಕಾಣ್ತಿದ್ದವು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ ಒಂದು ಲೀಟರ್ ಓಆರ್‌ಎಸ್‌ನಲ್ಲಿ ಗ್ಲೂಕೋಸ್ 13.5 ಗ್ರಾಂ ಮಾತ್ರ, ಉಪ್ಪು 2.6 ಗ್ರಾಂ. ಈ ಡಬ್ಬಿಗಳಲ್ಲಿ ಸಕ್ಕರೆ ಅದರ ಎಷ್ಟೋ ಪಟ್ಟು. ಸಕ್ಕರೆ ಹೆಚ್ಚಾದರೆ ಅದು ಮೈಯ ನೀರನ್ನು ಕರುಳಿಗೆ ಎಳೆದುಕೊಳ್ತದೆ, ಭೇದಿ ಇನ್ನೂ ಜಾಸ್ತಿ ಆಗ್ತದೆ. ಅಂದರೆ ಔಷಧ ಅಂತ ಕುಡಿಸಿದ್ದೇ ಕೂಸನ್ನು ಒಣಗಿಸ್ತದೆ.

ಖರೇ ಓಆರ್‌ಎಸ್ ಬಡವರದೇ ಔಷಧ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದು ಸಲೈನ್ ಮುಗಿದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು-ಗ್ಲೂಕೋಸ್ ನೀರು ಕುಡಿಸಿ ಸಾವಿರಾರು ಜೀವ ಉಳಿಸಿದರು. ಆ ಹೆಸರಿನ ಮೇಲಿದ್ದ ನಂಬಿಕೆಯನ್ನೇ ಕಂಪನಿಗಳು ಮಾರಿಕೊಂಡವು.

ಇದನ್ನು ಹಿಡಿದು ಎಂಟು ವರ್ಷ ಜಗಳಾಡಿದವರು ನಮ್ಮ ಹೈದರಾಬಾದಿನ ಮಕ್ಕಳ ಡಾಕ್ಟರು ಶಿವರಂಜನಿ ಸಂತೋಷ್. 2022ರ ಏಪ್ರಿಲ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಪಾನೀಯಕ್ಕೆ ಆ ಹೆಸರು ಬೇಡ ಎಂದಿತು. ಜುಲೈಗೆ ಅದೇ ಪ್ರಾಧಿಕಾರ "ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಓಆರ್‌ಎಸ್ ಅಲ್ಲ" ಅಂತ ಬರೆದು ಮಾರಿಕೊಳ್ರಿ ಎಂದಿತು. ಮೂರೇ ತಿಂಗಳು ನೋಡ್ರಿ! ಆ ಮಾತು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ. ಹತ್ತಿ ಬಿಡಿಸಿ ಬಂದ ತಾಯಿ, ಅಳುವ ಕೂಸು ಕಂಕುಳಲ್ಲಿ, ಅದನ್ನು ಓದಬೇಕಂತೆ!

ಡಾಕ್ಟರಮ್ಮ ತೆಲಂಗಾಣ ಹೈಕೋರ್ಟಿಗೆ ಹೋದರು. ಕೊನೆಗೆ 2025ರ ಅಕ್ಟೋಬರ್ 14ರಂದು ಪ್ರಾಧಿಕಾರ ಆ ಅನುಮತಿ ವಾಪಸ್ ಪಡೆಯಿತು. ಮೂರೇ ದಿನಕ್ಕೆ ಓಆರ್‌ಎಸ್‌ಎಲ್ ಕಂಪನಿ ದೆಹಲಿ ಹೈಕೋರ್ಟಿನಿಂದ ತಾತ್ಕಾಲಿಕ ರಕ್ಷಣೆ ತಂದಿತು, ತಯಾರಾದ ಮಾಲು ಉಳಿದದೆ ಅಂತ. ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿಯೂ ಕೋರ್ಟಿಗೆ ಹೋಯಿತು, ಅದರ ಅರ್ಜಿಯನ್ನು ಆ ತಿಂಗಳ 31ಕ್ಕೆ ಕೋರ್ಟು ಒಪ್ಪಲಿಲ್ಲ.

ಜನರ ಆಹಾರ, ಆರೋಗ್ಯ ಸುಧಾರಿಸೋದು ಸರಕಾರದ ಮೊದಲ ಕರ್ತವ್ಯಗಳಲ್ಲಿ ಒಂದು ಅಂತ ಸಂವಿಧಾನದ 47ನೇ ವಿಧಿ ಹೇಳ್ತದೆ. ಇಲ್ಲಿ ಮಾಲಿನ ಲೆಕ್ಕ ಮೊದಲು, ಕೂಸಿನ ಲೆಕ್ಕ ಆಮೇಲೆ. ಕಂಪನಿಗೆ ದೊಡ್ಡ ವಕೀಲರಿದ್ದಾರೆ. ನಮ್ಮ ಓಣಿಗೆ ಯಾರಿದ್ದಾರೆ? ಈ ಸಂಘ ಅದೆ.

ಅದಕ್ಕೇ ಕೇಳಿಕೊಳ್ತೀನಿ: ಓದು ಬಂದ ತಮ್ಮಂದಿರು, ತಂಗಿಯರು ಅಂಗಡಿಯಲ್ಲಿ ಡಬ್ಬಿ ತಿರುಗಿಸಿ ಓದ್ರಿ, ತಾಯಂದಿರಿಗೆ ಹೇಳ್ರಿ. ಆಶಾ ಅಕ್ಕನ ಹತ್ತಿರ, ಸರಕಾರಿ ದವಾಖಾನೆಯಲ್ಲಿ ಓಆರ್‌ಎಸ್ ಪುಡಿ, ಜಿಂಕ್ ಮಾತ್ರೆ ಬಿಟ್ಟಿ ಕೊಡ್ತಾರೆ. ರಾತ್ರಿ ಪುಡಿ ಸಿಗದಿದ್ದರೆ ಕಾಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಗುಪ್ಪೆಯಾಗಿ ಅಲ್ಲ, ಸಮ ಮಾಡಿ ಹಾಕ್ರಿ. ಗುಟುಕು ಗುಟುಕಾಗಿ ಕುಡಿಸ್ರಿ. ಮರುದಿನಕ್ಕೆ ಉಳಿದದ್ದನ್ನು ಚೆಲ್ಲಿಬಿಡ್ರಿ. ಕೂಸಿನ ಕಣ್ಣು ಗುಳಿ ಬಿದ್ದರೆ, ಕುಡಿಯೋದು ಬಿಟ್ಟರೆ, ತಡ ಮಾಡದೆ ದವಾಖಾನೆಗೆ ಒಯ್ರಿ.