ಇನ್ನೊಂದು ಮಾರ್ಕ್, ಸಾರ್!

ಬೈರಮಂಗಲದಂಥ ಊರಿನ ಒಂದು ಹೈಸ್ಕೂಲನ್ನು ಊಹಿಸಿಕೊಳ್ಳಿ. ಕಿರುಪರೀಕ್ಷೆಯ ಪತ್ರಿಕೆಗಳು ಕೈಗೆ ಬಂದಿವೆ. ‘ಸಾರ್, ಇನ್ನೊಂದು ಮಾರ್ಕ್ ಬರಬೇಕಿತ್ತು’ ಎಂದು ಹುಡುಗನೊಬ್ಬ ಮೇಜಿನ ಮುಂದೆ ನಿಲ್ಲುತ್ತಾನೆ. ಮೇಷ್ಟ್ರು ಗದರುವುದಿಲ್ಲ. ‘ವೃಷಭಾವತಿ ನದಿ ಬೆಂಗಳೂರಿನಿಂದ ನಮ್ಮ ಕೆರೆಗೆ ಹರಿದು ಬರ್ತಾಳೆ ಕಣಪ್ಪ. ನೀನು ಕೆರೆಯಿಂದ ಬೆಂಗಳೂರಿಗೆ ಹತ್ತಿಸಿದ್ದೀಯ. ಇದಕ್ಕೆ ಮಾರ್ಕ್ ಸಾಲದು, ಕಂಟ್ರಾಕ್ಟೇ ಕೊಡಬೇಕು!’ ತರಗತಿ ನಗುತ್ತದೆ, ಹುಡುಗನೂ ನಗುತ್ತಾನೆ.

ನಕ್ಕ ಮೇಲೆ ಮೇಷ್ಟ್ರು ಅಂಕಗಳನ್ನು ಮತ್ತೊಮ್ಮೆ ಕೂಡುತ್ತಾರೆ. ಲೆಕ್ಕ ತಪ್ಪಿದ್ದರೆ ತಿದ್ದುತ್ತಾರೆ. ಹಾಸ್ಯದ ಮರ್ಯಾದೆ ಇರುವುದು ಇಲ್ಲೇ. ಅದು ತಪ್ಪನ್ನು ಚುಚ್ಚಬಹುದು, ಹುಡುಗನನ್ನಲ್ಲ. ಅವನ ದೂರನ್ನು ಮುಚ್ಚಿಹಾಕಲೂಬಾರದು.

ಎಸ್ಸೆಸ್ಸೆಲ್ಸಿಯ 625 ಅಂಕಗಳ ಪರೀಕ್ಷೆಯಲ್ಲೂ ಉತ್ತರಪತ್ರಿಕೆಯ ನಕಲು ಪಡೆಯಲು, ಮರುಎಣಿಕೆ, ಮರುಮೌಲ್ಯಮಾಪನ ಕೇಳಲು ಪರೀಕ್ಷಾ ಮಂಡಳಿಯೇ ಅವಕಾಶ ಕೊಟ್ಟಿದೆ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳೂ ಇವೆ. ಹಾಗಿರುವಾಗ, ‘ಯಾಕೆ ಕಡಿಮೆ ಬಂತು’ ಎಂದು ಕೇಳುವ ಮಗು ಉದ್ಧಟ ಹೇಗಾದೀತು?

ಕೇಳುವ ಧೈರ್ಯ ಮಕ್ಕಳಿಗಿರಲಿ, ಕೇಳಿಸಿಕೊಳ್ಳುವ ತಾಳ್ಮೆ ಹಿರಿಯರಿಗಿರಲಿ. ಇಂದು ನಿಮ್ಮ ಮನೆಯಲ್ಲೂ ಅಂಕ ಕಡಿಮೆಯಾಯಿತೆಂದು ಮಗು ಮುಖ ಊದಿಸಿಕೊಂಡಿದ್ದರೆ, ಬೈಯುವ ಮೊದಲು ಒಟ್ಟಿಗೆ ಕೂತು ಆ ಪತ್ರಿಕೆಯನ್ನೊಮ್ಮೆ ಓದಿ.