ಮೆಗಾವ್ಯಾಟ್ ಎಂದರೆ ಎಷ್ಟು ಎಕರೆ?

(ಉಪನ್ಯಾಸದ ಬರಹರೂಪ)



ನಾನು ಮಣ್ಣನ್ನು ಅಭ್ಯಾಸ ಮಾಡಿದವನು. ವಿದ್ಯುತ್ತು ನನ್ನ ಶಾಸ್ತ್ರವಲ್ಲ. ಆದರೂ ಈ ವಿಷಯವನ್ನು ಆಯ್ದುಕೊಂಡುದಕ್ಕೆ ಕಾರಣವುಂಟು. ಶರಾವತಿ ಕಣಿವೆಯ ಯೋಜನೆಯನ್ನು ಕುರಿತ ಸಭೆಯೊಂದರಲ್ಲಿ ಅಡಿಕೆ ಬೆಳೆಗಾರರಾದ ಹಿರಿಯರೊಬ್ಬರು ಎದ್ದುನಿಂತು, “ಎರಡು ಸಾವಿರ ಮೆಗಾವ್ಯಾಟ್ ಅಂದ್ರೆ ಎಷ್ಟು ಎಕರೆ ಸ್ವಾಮೀ?” ಎಂದು ಕೇಳಿದರು. ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಉತ್ತರ ನನಗೂ ತಿಳಿದಿರಲಿಲ್ಲ.

ನಮ್ಮ ತೋಟದ ಪಂಪ್‌ಸೆಟ್ಟಿನಿಂದಲೇ ಆರಂಭಿಸೋಣ. ಐದು ಅಶ್ವಶಕ್ತಿಯ ಮೋಟಾರೆಂದರೆ 3.73 ಕಿಲೋವ್ಯಾಟ್. ಇದು ಸಾಮರ್ಥ್ಯ. ಅದು ಒಂದು ಗಂಟೆ ಪೂರ್ಣ ಭಾರದಲ್ಲಿ ಓಡಿದರೆ, ಮೋಟಾರಿನ ಒಳನಷ್ಟವನ್ನು ಬಿಟ್ಟು, 3.73 ಯೂನಿಟ್ ಖರ್ಚಾಗುತ್ತದೆ. ಇದು ಶಕ್ತಿ. ಓಡದೆ ನಿಂತಿದ್ದರೂ ಮೋಟಾರು ಐದು ಅಶ್ವಶಕ್ತಿಯದೇ. ಆದರೆ ತೋಟಕ್ಕೆ ಹನಿ ನೀರಿಲ್ಲ. ಸಾವಿರ ಕಿಲೋವ್ಯಾಟ್ ಸೇರಿದರೆ ಒಂದು ಮೆಗಾವ್ಯಾಟ್.

ಶರಾವತಿ ವಿದ್ಯುದಾಗಾರದ ಸ್ಥಾಪಿತ ಸಾಮರ್ಥ್ಯ 1035 ಮೆಗಾವ್ಯಾಟ್. ವರ್ಷವಿಡೀ ಹಗಲಿರುಳು ಪೂರ್ಣವಾಗಿ ಓಡಿದರೆ ಸುಮಾರು 906 ಕೋಟಿ ಯೂನಿಟ್ ದೊರೆಯಬೇಕು. ವಾಸ್ತವದಲ್ಲಿ ಅಷ್ಟು ದೊರೆಯುವುದಿಲ್ಲ; ಮಳೆ ಕೊಟ್ಟಷ್ಟೇ ನೀರು, ನೀರು ಕೊಟ್ಟಷ್ಟೇ ಯೂನಿಟ್. ದೊರೆಯಬಹುದಾದುದರಲ್ಲಿ ದೊರೆತ ಪಾಲನ್ನೇ ‘ಕೆಪಾಸಿಟಿ ಫ್ಯಾಕ್ಟರ್’ ಎನ್ನುತ್ತಾರೆ. ಯಾರಾದರೂ ಬರಿಯ ಮೆಗಾವ್ಯಾಟ್ ಹೇಳಿ ಕುಳಿತರೆ, “ವರ್ಷಕ್ಕೆ ಎಷ್ಟು ಯೂನಿಟ್?” ಎಂದು ಕೇಳಿರಿ.

ಇನ್ನು ‘ಪಂಪ್ಡ್ ಸ್ಟೋರೇಜ್’. ಪ್ರಸ್ತಾಪಿತ ಶರಾವತಿ ಯೋಜನೆಯ 2000 ಮೆಗಾವ್ಯಾಟ್ ಈ ಬಗೆಯದು. ಮೇಲೆ ತಳಕಳಲೆ, ಕೆಳಗೆ ಗೇರುಸೊಪ್ಪೆ. ಎರಡೂ ಈಗಾಗಲೇ ಇರುವ ಜಲಾಶಯಗಳು. ವಿದ್ಯುತ್ತು ಹೆಚ್ಚಿರುವ ವೇಳೆಯಲ್ಲಿ ನೀರನ್ನು ಮೇಲಕ್ಕೆತ್ತಿ, ಬೇಡಿಕೆ ಏರಿದಾಗ ಕೆಳಗೆ ಬಿಡುವುದು. ಎತ್ತಲು 100 ಯೂನಿಟ್ ವ್ಯಯಿಸಿದರೆ ಮರಳಿ ಬರುವುದು ಸುಮಾರು 75ರಿಂದ 80. ಅಂದರೆ ಇದು ಉತ್ಪಾದನೆಯಲ್ಲ, ಕಣಜ. ಅದೂ ಸ್ವಲ್ಪ ಸೋರುವ ಕಣಜ. ಮಧ್ಯಾಹ್ನದ ಸೌರಶಕ್ತಿಯನ್ನು ಸಂಜೆಗೆ ಉಳಿಸಲು ಇಂಥ ಕಣಜ ಬೇಕೆಂಬ ವಾದವನ್ನು ನಾನು ತಳ್ಳಿಹಾಕಲಾರೆ. ಆದರೆ ಸಿಂಗಳೀಕಗಳ ಅಭಯಾರಣ್ಯದೊಳಗೇ ಅದನ್ನು ಕಟ್ಟಬೇಕೇ ಎಂಬುದು ಬೇರೆಯೇ ಪ್ರಶ್ನೆ. ‘ಉತ್ಪಾದನೆ’ ಎಂಬ ಒಂದು ಮಾತಿನಿಂದ ಆ ಪ್ರಶ್ನೆಯನ್ನು ಮುಚ್ಚಲಾಗದು.

ಕೊನೆಯದಾಗಿ ‘ಪವರ್ ಎವ್ಯಾಕ್ಯುಯೇಷನ್’. ಹುಟ್ಟಿದ ವಿದ್ಯುತ್ತನ್ನು ತಂತಿಯ ಮೂಲಕ ಹೊರಗೊಯ್ಯುವುದಕ್ಕೆ ಈ ಹೆಸರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಕಾಲಕ್ಕೆ ಮನೆಮಠ ಬಿಟ್ಟು ಹೊರಟವರ ಮಕ್ಕಳು ಈ ಸಭೆಯಲ್ಲಿಯೂ ಇರಬಹುದು. ತೆರವೆಂಬ ಮಾತು ಅವರಿಗೆ ಬೇರೆಯೇ ಅರ್ಥದಲ್ಲಿ ಗೊತ್ತು. 400 ಕಿಲೋವೋಲ್ಟಿನ ಮಾರ್ಗಕ್ಕೆ ಸಾಮಾನ್ಯವಾಗಿ 46 ಮೀಟರ್ ಅಗಲದ ಪಟ್ಟಿ ಬೇಕು. ಒಂದು ಕಿಲೋಮೀಟರಿಗೆ ಹನ್ನೊಂದು ಎಕರೆಗೂ ಮಿಗಿಲು. ತಂತಿಯ ಕೆಳಗೆ ಹುಲ್ಲು ಬೆಳೆದೀತು, ಹೆಮ್ಮರ ಬೆಳೆಯಲು ಬಿಡರು.

ಆ ಹಿರಿಯರ ಪ್ರಶ್ನೆ ತಪ್ಪಾಗಿರಲಿಲ್ಲ. ಮೆಗಾವ್ಯಾಟಿಗೆ ಎಕರೆಯ ಲೆಕ್ಕವಿಲ್ಲ ನಿಜ, ಅದನ್ನು ಹೊತ್ತೊಯ್ಯುವ ತಂತಿಗೆ ಉಂಟು. ಮಾರ್ಗದ ನಕ್ಷೆ ಕೈಗೆ ಬಂದರೆ ಗುಣಾಕಾರವನ್ನು ನಮ್ಮ ಹೈಸ್ಕೂಲಿನ ಮಕ್ಕಳೇ ಮಾಡಿಯಾರು. ಇನ್ನು ನಿಮ್ಮ ಪ್ರಶ್ನೆಗಳಿಗೆ ಬರೋಣ.